ಮನೆಯ ವೈಫೈ ಭದ್ರತೆಗೆ ಓಪನ್‌ಡಬ್ಲ್ಯೂಆರ್‌ಟಿ: ಹಲವು ವರ್ಷ ಬಳಸಿದ ಮೇಲೆ

ವೈಫೈ ಭದ್ರತೆ ಅಂದ ಕೂಡಲೇ ಮಾತು ಪಾಸ್‌ವರ್ಡ್ ಕಡೆಗೆ ಹೋಗುತ್ತದೆ. ರೂಟರ್‌ಗೆ ಕೊನೆಯ ಅಪ್‌ಡೇಟ್ ಬಂದಿದ್ದು ಯಾವಾಗ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ನನ್ನ ರೂಟರ್ ಚೆನ್ನಾಗಿಯೇ ಓಡುತ್ತಿತ್ತು, ಆದರೆ ತಯಾರಿಸಿದ ಕಂಪನಿ ಅದನ್ನು ಮರೆತೇಬಿಟ್ಟಿತು. ಅಪ್‌ಡೇಟ್ ನಿಂತು ಹೋಯಿತು. ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ಸುಮ್ನೆ ಎಸೆಯುವ ಬದಲು ಓಪನ್‌ಡಬ್ಲ್ಯೂಆರ್‌ಟಿ ಹಾಕಿದೆ. ಇವತ್ತಿಗೂ ಅದೇ ನಡೆಯುತ್ತಿದೆ.

ಇದು ರೂಟರ್‌ಗಳಿಗೆಂದೇ ಮಾಡಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಕಂಪನಿ ಕೊಟ್ಟ ಸಾಫ್ಟ್‌ವೇರ್ ಜಾಗದಲ್ಲಿ ಕೂರುತ್ತದೆ. ಉಚಿತ. 2004ರಲ್ಲಿ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೂಟರ್‌ಗಾಗಿ ಶುರುವಾಯಿತು, ಹೆಸರಿನ ಬಾಲವೂ ಅಲ್ಲಿಂದಲೇ ಬಂದದ್ದು.

ಮೊದಲು ಇಷ್ಟವಾಗಿದ್ದು ಇದು ತನ್ನಷ್ಟಕ್ಕೆ ಏನನ್ನೂ ತೆರೆದಿಡದ ರೀತಿ. ಹೊಸದಾಗಿ ಹಾಕಿದಾಗ ವೈಫೈ ಆಫ್ ಆಗಿರುತ್ತದೆ. ಕೇಬಲ್ ಹಚ್ಚಿ 192.168.1.1 ತೆರೆದರೆ, ಪಾಸ್‌ವರ್ಡ್ ಇಟ್ಟಿಲ್ಲ ಅಂತ ಮೇಲೆಯೇ ಎಚ್ಚರಿಕೆ ಕಾಣುತ್ತದೆ. ಇಟ್ಟ ಮೇಲೆಯೇ ಅದು ಹೋಗುವುದು. ಒಳಗಿನ ಸಾಧನಗಳು ಹೊರಗಿನಿಂದ ಬರಲು ತಾವೇ ದಾರಿ ತೆರೆದುಕೊಳ್ಳುವ ಯುಪಿಎನ್‌ಪಿ ಇಲ್ಲ, ಬೇಕಾದವರು ಹಾಕಿಕೊಳ್ಳಬೇಕು. ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಕೂಡ ಹಾಗೇ. ಡಬ್ಲ್ಯೂಪಿಎಸ್ ಪಿನ್‌ನಲ್ಲಿ 8 ಅಂಕಿ ಇದ್ದರೂ ಕೊನೆಯದು ಬರೀ ತಾಳೆ ನೋಡಲು. ಉಳಿದ 7ನ್ನು ರೂಟರ್ ಮೊದಲು 4, ಆಮೇಲೆ 3 ಅಂತ ಬಿಡಿಸಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಊಹಿಸಿದರೆ ಸಾಕು, ಪಿನ್ ಸಿಕ್ಕಿಬಿಡುತ್ತದೆ. ಇದು 2011ರಲ್ಲೇ ಬಯಲಾಗಿದೆ. ನಿಮ್ಮದು ಯಾವ ರೂಟರ್ ಆದರೂ ಸರಿ, ಈ ಒಂದನ್ನು ದಯವಿಟ್ಟು ಇವತ್ತೇ ಆಫ್ ಮಾಡಿ.

ಇನ್ನು ಡಬ್ಲ್ಯೂಪಿಎ3, ವೈಫೈಗೆ ಬೀಗ ಹಾಕುವ ಹೊಸ ವಿಧಾನ. ಓಪನ್‌ಡಬ್ಲ್ಯೂಆರ್‌ಟಿಯ 21.02 ಆವೃತ್ತಿಯಿಂದ ಇದು ಜೊತೆಗೇ ಬರುತ್ತದೆ. ಹಳೆಯ ಡಬ್ಲ್ಯೂಪಿಎ2ನಲ್ಲಿ ಫೋನ್ ರೂಟರ್‌ಗೆ ಸೇರಿಕೊಳ್ಳುವಾಗಿನ ಹ್ಯಾಂಡ್‌ಶೇಕನ್ನು, ಅಂದರೆ ಪಾಸ್‌ವರ್ಡ್ ತಾಳೆ ನೋಡುವ ಮಾತುಕತೆಯನ್ನು, ಹೊರಗಿನವರು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ತಮ್ಮ ಕಂಪ್ಯೂಟರ್‌ನಲ್ಲೇ ಕೋಟಿಗಟ್ಟಲೆ ಪಾಸ್‌ವರ್ಡ್ ಹಾಕಿ ನೋಡಬಹುದು, ರೂಟರ್‌ಗೆ ಸುಳಿವೂ ಸಿಗುವುದಿಲ್ಲ. ಡಬ್ಲ್ಯೂಪಿಎ3ರಲ್ಲಿ ಪ್ರತಿ ಊಹೆಗೂ ರೂಟರನ್ನೇ ಕೇಳಬೇಕು. ಕಳ್ಳನ ಕೆಲಸ ಅಲ್ಲೇ ನಿಧಾನವಾಗುತ್ತದೆ.

ನನ್ನ ಫೋನು, ಲ್ಯಾಪ್‌ಟಾಪ್‌ಗಳು ಸಲೀಸಾಗಿ ಬದಲಾದವು. ಹಳೆಯ ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಸೇರಲಿಲ್ಲ. ಎರಡನ್ನೂ ಒಪ್ಪುವ ಮಿಶ್ರ ಮೋಡ್ ಇದೆ, ಆದರೆ ಅದು ನನಗೆ ಸರಿ ಬರಲಿಲ್ಲ. ಪಾಸ್‌ವರ್ಡ್ ಒಂದೇ ಆದ ಮೇಲೆ ಡಬ್ಲ್ಯೂಪಿಎ2 ಬಾಗಿಲಿನಿಂದಲೇ ಅದನ್ನು ಊಹಿಸಬಹುದು, ಅಲ್ವಾ? ಹಾಗಾಗಿ ಎರಡು ವೈಫೈ ಹೆಸರು ಮಾಡಿದೆ. ನಮ್ಮ ಮುಖ್ಯ ಸಾಧನಗಳಿಗೆ ಬರೀ ಡಬ್ಲ್ಯೂಪಿಎ3. ಪ್ರಿಂಟರ್, ಬಲ್ಬು, ಕ್ಯಾಮೆರಾಗಳಿಗೆ ಡಬ್ಲ್ಯೂಪಿಎ2, ಅದಕ್ಕೆ ಬೇರೆಯೇ ಉದ್ದ ಪಾಸ್‌ವರ್ಡ್.

ಆ ಎರಡನೆಯದನ್ನು ಬೇರೆ ಫೈರ್‌ವಾಲ್ ಜೋನ್‌ಗೆ, ಅಂದರೆ ಯಾರು ಎಲ್ಲಿಗೆ ಹೋಗಬಹುದು ಅನ್ನುವ ನಿಯಮ ಬೇರೆಯೇ ಇರುವ ಗುಂಪಿಗೆ ಹಾಕಿದ್ದೇನೆ. ಇಂಟರ್ನೆಟ್‌ಗೆ ಹೋಗಲು ಬಿಟ್ಟಿದ್ದೇನೆ, ಮನೆಯ ಕಂಪ್ಯೂಟರ್‌ಗಳನ್ನು ಮುಟ್ಟಲು ಬಿಟ್ಟಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಜೋನ್‌ನ ಇನ್‌ಪುಟ್ (ಆ ಸಾಧನಗಳು ರೂಟರ್‌ಗೇ ಕಳಿಸುವ ಕೋರಿಕೆಗಳು) ರಿಜೆಕ್ಟ್ ಇಟ್ಟರೆ ಸಾಧನಗಳಿಗೆ ಐಪಿ ವಿಳಾಸವೇ ಸಿಗುವುದಿಲ್ಲ. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಗೆ 67, ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ 53, ಈ ಎರಡು ಪೋರ್ಟ್‌ಗಳಿಗೆ ಬೇರೆ ನಿಯಮ ಬರೆಯಬೇಕು. ಟಿವಿಯನ್ನೂ ಅತ್ತ ಹಾಕಿದರೆ ಫೋನಿನಿಂದ ಕಾಸ್ಟ್ ಮಾಡುವುದು ನಿಂತು ಹೋಗುತ್ತದೆ. ಮನೆಯವರಿಗೆ ಇದು ಕಿರಿಕಿರಿ. ನನಗೆ ಕ್ಯಾಮೆರಾ ಬೇರೆ ಇರುವ ನೆಮ್ಮದಿಯೇ ದೊಡ್ಡದು.

ವೈಫೈ ಹೆಸರು ಮರೆಮಾಡುವುದು, ಒಪ್ಪಿದ ಸಾಧನಗಳ ಮ್ಯಾಕ್ ವಿಳಾಸದ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಪಟ್ಟಿ ಇಡುವುದು, ಇವೆರಡೂ ಇಲ್ಲಿವೆ. ನಾನು ಬಳಸುವುದಿಲ್ಲ. ಎರಡೂ ಗಾಳಿಯಲ್ಲೇ ಬಯಲಾಗುವ ವಿಷಯಗಳು.

ಅಪ್‌ಡೇಟ್ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ 2017ರ ಕ್ರ್ಯಾಕ್ ದೋಷ ನೋಡಿ. ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅದನ್ನು ಹೊರಹಾಕಿದರು. ತಪ್ಪಿದ್ದದ್ದು ಡಬ್ಲ್ಯೂಪಿಎ2 ವಿಧಾನದಲ್ಲೇ, ಎಂಥ ಗಟ್ಟಿ ಪಾಸ್‌ವರ್ಡ್ ಇದ್ದರೂ ಅದರಿಂದ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಪೆಟ್ಟು ಜಾಸ್ತಿ ಬಿದ್ದದ್ದು ಫೋನ್, ಲ್ಯಾಪ್‌ಟಾಪ್‌ಗಳಿಗೆ. ಅಪ್‌ಡೇಟ್ ನಿಂತ ಹಳೆಯ ಫೋನ್‌ಗಳನ್ನು ರೂಟರ್ ಕಡೆಯಿಂದಲೇ ಕಾಪಾಡಲು ಓಪನ್‌ಡಬ್ಲ್ಯೂಆರ್‌ಟಿಯ ವೈಫೈ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಕೆಲವು ಸಾಧನಗಳು ತೊಂದರೆ ಕೊಡಬಹುದು ಅಂತ ಪಕ್ಕದಲ್ಲೇ ಬರೆದಿದ್ದಾರೆ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇವೆ. ಎಲ್ಲಾ ರೂಟರ್‌ಗೂ ಇದು ಬರುವುದಿಲ್ಲ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಆಸೆ ಬಿಡುವುದೇ ಒಳ್ಳೆಯದು. 8 ಎಂಬಿ ಫ್ಲ್ಯಾಶ್ (ಸಾಫ್ಟ್‌ವೇರ್ ಕೂರುವ ಜಾಗ), 64 ಎಂಬಿ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ಹೊಸ ಆವೃತ್ತಿಗಳ ಗೋಜಿಗೆ ಹೋಗಬೇಡಿ. ರೂಟರ್ ಕೊಳ್ಳುವ ಮೊದಲೇ ಅವರ ಹಾರ್ಡ್‌ವೇರ್ ಪಟ್ಟಿ ನೋಡಿ. ಮಾದರಿ ಒಂದೇ ಇದ್ದರೂ ಅಡಿಯಲ್ಲಿ ವಿ1, ವಿ2 ಅಂತ ಬರೆದಿರುತ್ತದೆ, ಅದನ್ನೂ ತಾಳೆ ಹಾಕಿ. ತಪ್ಪು ಫೈಲ್ ಹಾಕಿದರೆ ರೂಟರ್ ಕೆಲಸಕ್ಕೆ ಬಾರದೆ ಹೋಗಬಹುದು.

ಅಪ್‌ಗ್ರೇಡ್ ಕೂಡ ತಾನಾಗಿ ಆಗುವುದಿಲ್ಲ, ನಾವೇ ಕೂತು ಮಾಡಬೇಕು. ಸೆಟ್ಟಿಂಗ್ ಉಳಿಯುತ್ತದೆ, ಆದರೆ ಹೊಸ ಫೈಲನ್ನು ಹಾಗೇ ಹಾಕಿದರೆ ನಾವು ಸೇರಿಸಿದ ಪ್ಯಾಕೇಜ್‌ಗಳು (ಹೆಚ್ಚುವರಿ ಸಾಫ್ಟ್‌ವೇರ್) ಹೋಗುತ್ತವೆ. ಅವುಗಳ ಪಟ್ಟಿ ಬರೆದಿಟ್ಟು, ಸೆಟ್ಟಿಂಗ್‌ನ ಬ್ಯಾಕಪ್ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ ಮೇಲೆಯೇ ನಾನು ಅಪ್‌ಗ್ರೇಡ್ ಗುಂಡಿ ಒತ್ತುವುದು.