ಹಳೇ ಫ್ರಿಜ್‌ಗೆ ಎಸ್‌ಟಿಸಿ-1000 ಕಂಟ್ರೋಲರ್: ಮಲೆನಾಡಿನ ಮಳೆಗಾಲಕ್ಕೆ ಆಗತ್ತಾ?

ತೀರ್ಥಹಳ್ಳಿ ಕಡೆ ಜಡಿಮಳೆ ಹಿಡ್ಕೊಂಡ್ರೆ ಕೊಂಬುಚಾ (ಹುದುಗು ಬರ್ಸಿದ ಚಹಾ) ಮಾತು ಹಾಗಿರ್ಲಿ, ದೋಸೆ ಹಿಟ್ಟೇ ಬೆಳಗಾದ್ರೂ ಉಬ್ಬಲ್ಲ, ಅದೇ ಏಪ್ರಿಲ್‌ನಲ್ಲಿ ಶಿವಮೊಗ್ಗದ ಸೆಖೆಗೆ ಒಂದು ಗಳಿಗೆ ಮರೆತ್ರೆ ಹುಳಿ ಹುಳಿ. ಅದಕ್ಕೇ ಮೂಲೇಲಿ ಬಿದ್ದಿದ್ದ ಸಿಂಗಲ್ ಡೋರ್ ಫ್ರಿಜ್‌ಗೆ ಈ ಎಸ್‌ಟಿಸಿ-1000 (ಸೆನ್ಸರ್‌ನಿಂದ ಎಷ್ಟು ಡಿಗ್ರಿ ಇದೆ ನೋಡಿ ತಂಪು-ಬಿಸಿ ತಾನೇ ಆನ್-ಆಫ್ ಮಾಡೋ ಕಂಟ್ರೋಲರ್) ಹಾಕ್ಸಿ ಹುದುಗು ಬರ್ಸೋ ಪೆಟ್ಟಿಗೆ ಮಾಡ್ಕೊಂಡಿದೀವಿ. ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೇ ಬಂತು.

ನಂಗೆ ಹಿಡ್ಸಿದ್ದು ಇದ್ರಲ್ಲಿ ಎರಡು ರಿಲೇ (ತಾನೇ ಆನ್-ಆಫ್ ಆಗೋ ಸ್ವಿಚ್) ಇರೋದು, ಒಂದು ತಂಪಿಗೆ ಅಂದ್ರೆ ಫ್ರಿಜ್ ಕಂಪ್ರೆಸರ್‌ಗೆ, ಒಂದು ಬಿಸಿಗೆ ಅಂದ್ರೆ ಒಳಗಿಟ್ಟ ಬಲ್ಬಿಗೆ. ವಿಡಿಯೋ ಮಾಡೋರು ಹೆಚ್ಚಿನೋರು ತಂಪಿನ ಬಗ್ಗೇನೇ ಹೇಳ್ತಾರೆ ಯಾಕಂದ್ರೆ ಅವ್ರದ್ದು ಬಿಯರ್, ಅದ್ರಲ್ಲಿ ಏಲ್ ಅನ್ನೋ ಬಗೆಯ ಈಸ್ಟ್‌ಗೆ 18-22 ಡಿಗ್ರಿ, ಲಾಗರ್ ಅನ್ನೋ ಬಗೆಗೆ 8-12 ಹಂಗೆ ಬೇಕು (ಲೈಸೆನ್ಸ್ ಇಲ್ದೆ ಮಾಡಿದ್ರೆ ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಆ ತಂಟೆ ನಮಗೆ ಬೇಡ). ಕೊಂಬುಚಾಗೆ 24-29 ಬೇಕು, ದೋಸೆ ಹಿಟ್ಟಿಗೆ 30ರ ಆಸುಪಾಸು. ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಂಪ್ರೆಸರ್‌ಗೆ ಕೆಲ್ಸಾನೇ ಇಲ್ಲ, ಕೆಲ್ಸ ಇರೋದು ಬಲ್ಬಿಗೆ. ಬರೀ ಮಳೆಗಾಲಕ್ಕೆ ಅಂತಾದ್ರೆ ಗ್ಯಾಸ್ ಹೋಗಿರೋ ಗುಜರಿ ಫ್ರಿಜ್ ಆದ್ರೂ ನಡೀತದೆ ಮಾರಾಯ್ರೆ, ಬೇಕಾಗಿರೋದು ಬಿಸಿ ಹಿಡಿಯೋ ಗೋಡೆ ಅಷ್ಟೇ.

ಬಲ್ಬ್ ಮಾತ್ರ ಹಳೇ ತಂತಿ ಬಲ್ಬೇ ಆಗ್ಬೇಕು, 40 ವ್ಯಾಟ್ ಸಾಕು. ಎಲ್‌ಇಡಿ ಹಾಕಿದ್ರೆ ಬೆಳಕು ಬರತ್ತೆ, ಬಿಸಿ ಸಾಕಾಗಲ್ಲ. ಅದನ್ನ ತಗಡಿನ ಡಬ್ಬಿ ಒಳಗೆ ಇಟ್ಟು, ಒಳಗಿನ ಪ್ಲಾಸ್ಟಿಕ್ಕಿಗೆ ತಾಗ್ದಂಗೆ ನೋಡ್ಕೊಳಿ.

ಸೆಟ್ಟಿಂಗ್ ನಾಲ್ಕೇ. ಎಫ್1 ಬೇಕಾದ ಡಿಗ್ರಿ, ಎಫ್2 ಎಷ್ಟು ಆಚೀಚೆ ಆದ್ರೆ ಆನ್ ಆಗ್ಬೇಕು ಅನ್ನೋದು, ಎಫ್3 ಕಂಪ್ರೆಸರ್ ಡಿಲೇ, ಎಫ್4 ತಪ್ಪು ತೋರ್ಸಿದ್ರೆ ಸರಿ ಮಾಡೋಕೆ. ನಮ್ಮಂಥ ಊರಿಗೆ ಎಫ್3 ದೊಡ್ಡದು: ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡತ್ತಲ್ಲ, ಆಗ ಒಳಗಿನ ಪ್ರೆಶರ್ ಇಳಿಯೋಕೆ ಮುಂಚೆ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆದ್ರೆ ಸುಟ್ಟು ಹೋಗೋ ಚಾನ್ಸ್ ಇರತ್ತೆ, ಇದು 10 ನಿಮಿಷದ ತನಕ ತಡೆದು ಬಿಡತ್ತೆ. ಫ್ರಿಜ್ ಒಳಗಿನ ನಾಬ್‌ನ ಫುಲ್ ಕೂಲಿಗೆ ತಿರುಗ್ಸಿಡಿ, ಇಲ್ದಿದ್ರೆ ಎರಡಕ್ಕೂ ಜಗಳ. ಸೆನ್ಸರ್‌ನ ಗಾಳೀಲಿ ನೇತು ಹಾಕ್ಬೇಡಿ, ಜಾಡಿ ಮೈಗೆ ಟೇಪ್ ಹಚ್ಚಿ ಅಂಟ್ಸಿ ಮೇಲೊಂದು ಥರ್ಮಾಕೋಲ್ ತುಂಡು ಇಡಿ. ವೈರ್ ಬಾಗಿಲ ರಬ್ಬರ್ ಸಂದೀಲೇ ಹೋಗತ್ತೆ, ಪಕ್ಕದ ಗೋಡೆಗೆ ಡ್ರಿಲ್ ಹಾಕೋಕೆ ಹೋಗ್ಬೇಡಿ, ಎಷ್ಟೋ ಫ್ರಿಜ್‌ಗಳಲ್ಲಿ ಗ್ಯಾಸ್ ಪೈಪ್ ಅಲ್ಲೇ ಇರತ್ತೆ.

ಬೇಜಾರಾಗೋದು ವೈರಿಂಗು. ಪ್ಲಗ್ ಇಲ್ಲ, ಡಬ್ಬಿ ಇಲ್ಲ, ಹಿಂದೆ 230 ವೋಲ್ಟಿನ ಸ್ಕ್ರೂಗಳು ಬಾಯಿ ಬಿಟ್ಕೊಂಡೇ ಇರ್ತವೆ. ಸಾಲದ್ದಕ್ಕೆ ರಿಲೇ ಬರೀ ಸ್ವಿಚ್ ಇದ್ದಂಗೆ, ಅದಕ್ಕೆ ಫೇಸ್ (ಕರೆಂಟ್ ಬರೋ ವೈರ್) ಪ್ರತ್ಯೇಕವಾಗಿ ಎಳೀಬೇಕು, ಇದನ್ನ ಜೊತೆಗೆ ಬರೋ ಚೀಟೀಲಿ ಯಾರಿಗೂ ಅರ್ಥ ಆಗೋ ಹಂಗೆ ಬರ್ದಿಲ್ಲ. ಕೆಲ್ಸ ಗೊತ್ತಿರೋ ಎಲೆಕ್ಟ್ರಿಶಿಯನ್ ಹತ್ರ ಡಬ್ಬಿ, ಅರ್ಥಿಂಗ್ ಸಮೇತ ಮಾಡ್ಸಿ. ನಕಲಿ ಮಾಲು ಬೇಕಾದಷ್ಟಿದೆ, ತಂದ ತಕ್ಷಣ ಸೆನ್ಸರ್‌ನ ಕರಗ್ತಿರೋ ಐಸ್ ನೀರಿಗೆ ಅದ್ದಿ ನೋಡಿ, ಸೊನ್ನೆ ಹತ್ರ ಬರ್ಬೇಕು, ಒಂದು ಡಿಗ್ರಿ ಆಚೀಚೆ ಇದ್ರೆ ಎಫ್4ನಲ್ಲಿ ಸರಿ ಮಾಡ್ಕೊಳಿ, ಅದಕ್ಕಿಂತ ಜಾಸ್ತಿ ಇದ್ರೆ ವಾಪಸ್ ಕಳ್ಸಿ.

ಐದಕ್ಕೆ ನಾಲ್ಕು ಸ್ಟಾರ್, ಆ ಒಂದು ವೈರಿಂಗಿಗೆ ಕಟ್.