ಗುಂಪಿನ ಮಾದರಿಯೋ, ಒಬ್ಬೊಬ್ಬರ ಮಾದರಿಯೋ?

ಹಿಂದೆ ಬಂದುಹೋದ ಸೋಂಕು ಲಸಿಕೆಯ ರಕ್ಷಣೆಯನ್ನು ಹೇಗೆ ಬದಲಿಸುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಮಾದರಿ (ಮಾಡೆಲ್) ಕಟ್ಟಿ ನೋಡಲು ಮುಖ್ಯವಾಗಿ ಎರಡು ದಾರಿಗಳಿವೆ.

ಗುಂಪಿನ ಮಾದರಿ ಹಳೆಯದು. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿಜ್ಞಾನಿಗಳು ಹಾಕಿಕೊಟ್ಟ ದಾರಿ. ಸೋಂಕು ತಗುಲಬಹುದಾದವರು, ತಗುಲಿದವರು, ಗುಣವಾದವರು ಅಂತ ಜನರನ್ನು ವಿಂಗಡಿಸಿ ಸಮೀಕರಣ ಬರೆದರಾಯ್ತು. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಒಬ್ಬೊಬ್ಬರ ಮಾದರಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಸೋಂಕಿನ ಚರಿತ್ರೆ ಇರುತ್ತದೆ. ಫ್ಲೂ ತರಹ ರೂಪ ಬದಲಿಸುವ ವೈರಸ್‌ಗೆ ನನ್ನ ಓಟು ಇದಕ್ಕೇ. ಯಾಕೆ ಗೊತ್ತಾ? ಹತ್ತು ತಳಿಗಳಲ್ಲಿ ಯಾವುದು ತಗುಲಿದೆ, ಯಾವುದಿಲ್ಲ ಅಂತ ಗುರುತಿಡಲು ಗುಂಪಿನ ಮಾದರಿಯಲ್ಲಿ ಒಂದೊಂದು ತಳಿಗೂ ಗುಂಪುಗಳು ಎರಡರಷ್ಟಾಗಿ ಒಟ್ಟು 1,024 ಗುಂಪು ಬೇಕು. ಯಾವುದು ಮೊದಲು ತಗುಲಿತು ಅನ್ನೋದೂ ಸೇರಿದರೆ ಇನ್ನೂ ಜಾಸ್ತಿ. ಫ್ಲೂ ವಿಷಯದಲ್ಲಿ ಮೊದಲು ತಗುಲಿದ ತಳಿಯ ನೆನಪು ದೇಹದಲ್ಲಿ ಉಳಿದು ಮುಂದಿನ ರಕ್ಷಣೆಯನ್ನು ಬದಲಿಸುವುದರಿಂದ ಅದೂ ತುಂಬಾ ಮುಖ್ಯ ಅಲ್ವಾ?

ಆದರೆ ಪ್ರಶ್ನೆ ಸರಳವಾಗಿದ್ದರೆ ಸುಮ್ನೆ ದೊಡ್ಡದಕ್ಕೆ ಕೈಹಾಕಬೇಡಿ. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹಲವರಿಗೆ ಗೊತ್ತಾಗದೆ ಸೋಂಕು ಬಂದುಹೋಗಿ ರಕ್ಷಣೆ ಸಿಕ್ಕಿರುತ್ತದೆ. ಲಸಿಕೆ ಪಡೆದವರನ್ನು ಅವರ ಜೊತೆ ಹೋಲಿಸಿದಾಗ ಲಸಿಕೆಯ ಬಲ ಕುಗ್ಗದಿದ್ದರೂ ಕುಗ್ಗಿದಂತೆ ಕಾಣುತ್ತದೆ. ಈ ಮೋಸವನ್ನು ಹಿಡಿಯಲು ಗುಂಪಿನ ಮಾದರಿಯೇ ಸಾಕು. ಮಾದರಿಯೊಳಗೆ ನಿಜವಾದ ಬಲ ಎಷ್ಟು ಅಂತ ನಾವೇ ಹಾಕಿರುತ್ತೇವಲ್ಲ, ಕಾಣುವ ಬಲವನ್ನು ಅದರ ಜೊತೆ ಹೋಲಿಸಿದರಾಯ್ತು!

ಒಬ್ಬೊಬ್ಬರ ಮಾದರಿ ಆರಿಸಿದರೆ ಒಂದೇ ಸಲ ಓಡಿಸಿ ನಂಬಬೇಡಿ. ಅದರಲ್ಲಿ ಅದೃಷ್ಟದ ಆಟವೂ ಇದೆ, ನೂರಾರು ಸಲ ಓಡಿಸಬೇಕು.