‘ನ್ಯಾಯ ಸಂಹಿತೆ ಕನ್ನಡದಲ್ಲಿ’ ಅಂತ ಬರುವ ಪಿಡಿಎಫ್ ನಂಬುವ ಮುಂಚೆ

ಹಳೆ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕನ್ನಡ ಅನುವಾದ ಅಂತ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಓಡಾಡುತ್ತಿದೆ. ನಿಮಗೂ ಬಂದಿರಬಹುದು. ಅದರ ಕೊನೆಯ ಕಲಂ 356 ಆಗಿದ್ದರೆ ಈಗಲೇ ಅಳಿಸಿಬಿಡಿ. ಜಾರಿಯಲ್ಲಿರುವ ಸಂಹಿತೆಯಲ್ಲಿ ಇರುವುದು 358 ಕಲಂ. ಎರಡೇ ತಾನೇ ವ್ಯತ್ಯಾಸ ಅನ್ನಬೇಡಿ. ಆ ಎರಡರ ದೆಸೆಯಿಂದ ನಮ್ಮ ಅಕ್ಕ ಮಾಂಗಲ್ಯದ ಸರ ಒತ್ತೆ ಇಟ್ಟಳು.

2024ರ ಆಗಸ್ಟ್‌ನಲ್ಲಿ ನಡೆದದ್ದು. ಅಕ್ಕನ ಮಗ ಪಿಕಪ್ ಓಡಿಸುತ್ತಾನೆ. ಹಿರಿಯೂರು ಕಡೆಯಿಂದ ಯಶವಂತಪುರಕ್ಕೆ ಈರುಳ್ಳಿ ಹೊಡೆಯುವ ಬಾಡಿಗೆ. ಒಂದು ರಾತ್ರಿ ಶಿರಾ ದಾಟಿದ ಮೇಲೆ ಬೈಕಿಗೆ ಗಾಡಿ ತಗುಲಿತು. ಬೈಕಿನಲ್ಲಿದ್ದವರು ತೀರಿಕೊಂಡರು. ಜನ ಸೇರಿದ್ದು ನೋಡಿ ಹುಡುಗ ಹೆದರಿ ಓಡಿಹೋದ. ಒಂದು ಜೀವ ಹೋಗಿದೆ, ತಪ್ಪು ಯಾರದು ಅನ್ನುವುದನ್ನು ಕೋರ್ಟ್ ನೋಡುತ್ತದೆ. ಅದರ ಬಗ್ಗೆ ನಾನು ಇಲ್ಲಿ ಒಂದು ಮಾತೂ ಬರೆಯುವುದಿಲ್ಲ.

ಮಾರನೇ ದಿನ ಎಫ್‌ಐಆರ್ ಪ್ರತಿ ಕೈಗೆ ಬಂತು. ‘ಕಲಂ 281, 106(1) ಬಿಎನ್‌ಎಸ್, 134(ಎ)(ಬಿ), 187 ಐಎಂವಿ ಆಕ್ಟ್’ ಅಂತ ಬರೆದಿತ್ತು. ಐಎಂವಿ ಅಂದರೆ ಮೋಟಾರು ವಾಹನ ಕಾಯ್ದೆ. ಡ್ರೈವರ್‌ಗಳ ಮನೆಯಲ್ಲಿ ಐಪಿಸಿ 279 (ಅಜಾಗರೂಕ ಚಾಲನೆ), 304ಎ (ನಿರ್ಲಕ್ಷ್ಯದ ಸಾವು) ಎಲ್ಲರಿಗೂ ಬಾಯಿಪಾಠ. ಹೊಸ ಕಾನೂನು ಜುಲೈ 1ಕ್ಕೆ ಬಂದಿತ್ತಷ್ಟೇ, ಈ ನಂಬರ್‌ಗಳು ಯಾರಿಗೂ ಗೊತ್ತಿಲ್ಲ. ಯಾರೋ ಆ ಪಿಡಿಎಫ್ ಕಳಿಸಿದರು. 106 ತೆಗೆದು ನೋಡಿದರೆ ‘ಆತ್ಮಹತ್ಯೆಗೆ ಪ್ರಚೋದನೆ, 10 ವರ್ಷ’ ಅಂತಿದೆ! ಅಪಘಾತಕ್ಕೂ ಆತ್ಮಹತ್ಯೆಗೂ ಏನು ಸಂಬಂಧ? ಪೊಲೀಸರು ಏನೋ ಮಸಲತ್ತು ಮಾಡಿದ್ದಾರೆ ಅಂತ ಅಕ್ಕ ಅಳೋಕೆ ಶುರು ಮಾಡಿದಳು. ಎರಡು ಕಲಂ ಹಿಂದೆ, 104ರಲ್ಲಿ, ಅಪಘಾತದ ಸಾವು ಸಿಕ್ಕಿತು. ಅಲ್ಲಿ 7 ವರ್ಷ. ಸ್ಥಳದಿಂದ ಓಡಿಹೋದರೆ 10.

ಇಂಥ ಹೊತ್ತಿನಲ್ಲಿ ವಾಸನೆ ಹಿಡಿದು ಬರುವ ಜನ ಇರುತ್ತಾರಲ್ಲ, ಅಂಥವನೊಬ್ಬ ಬಂದ. ವಕೀಲನಲ್ಲ, ಕೋರ್ಟ್ ಹತ್ತಿರ ಓಡಾಡಿಕೊಂಡಿರುವ ಆಸಾಮಿ. ಅವನ ಫೋನಿನಲ್ಲೂ ಅದೇ ಪಿಡಿಎಫ್. ಜೊತೆಗೆ ಚೀಲದಲ್ಲಿ ಒಂದು ಕನ್ನಡ ಪುಸ್ತಕ. ಅದರಲ್ಲಿ 106(2)ಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿದ್ದ. ‘ನೋಡಮ್ಮ, ಹಿಟ್ ಅಂಡ್ ರನ್. ಯಾವುದರಲ್ಲಿ ನೋಡಿದರೂ 10 ವರ್ಷ. ಬಂಧಿಸುವ ಮುಂಚೆಯೇ ನಿರೀಕ್ಷಣಾ ಜಾಮೀನು ಹಾಕಿಸದಿದ್ದರೆ ಹುಡುಗ ಹೊರಗೆ ಬರಲ್ಲ.’ ಅಚ್ಚಾದ ಅಕ್ಷರ ತೋರಿಸಿದ ಮೇಲೆ ಅಕ್ಕ ಯಾರ ಮಾತು ಕೇಳುತ್ತಾಳೆ? ಸರ ಬ್ಯಾಂಕಿಗೆ ಹೋಯಿತು, ದುಡ್ಡು ಅವನ ಜೇಬಿಗೆ ಹೋಯಿತು.

ನನಗೆ ಅನುಮಾನ ಬಂದದ್ದು ಆ ಕಂಸದ ಒಂದರಿಂದ. ಎಫ್‌ಐಆರ್‌ನಲ್ಲಿ 106(1) ಅಂತಿದೆ, ಪಿಡಿಎಫ್‌ನ 106ರಲ್ಲಿ (1) ಅನ್ನುವುದೇ ಇಲ್ಲ. ಎರಡನ್ನೂ ತಗೊಂಡು ತುಮಕೂರಿನಲ್ಲಿ ಪರಿಚಯದ ವಕೀಲರ ಹತ್ತಿರ ಹೋದೆ. ಮೇಡಂ ಎರಡು ಪುಟ ತಿರುಗಿಸಿ, ‘ಇದು ಕಾನೂನೇ ಅಲ್ಲ ರೀ, ವಾಪಸ್ ತಗೊಂಡ ಮಸೂದೆ’ ಅಂದರು.

ಆಗಿದ್ದು ಇಷ್ಟು. ಸರ್ಕಾರ 2023ರ ಆಗಸ್ಟ್ 11ರಂದು ಲೋಕಸಭೆಯಲ್ಲಿ ಮೊದಲ ಮಸೂದೆ ಮಂಡಿಸಿತು. ಅದು ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. ಡಿಸೆಂಬರ್‌ನಲ್ಲಿ ಅದನ್ನು ವಾಪಸ್ ಪಡೆದು, ತಿದ್ದಿ, ಎರಡನೇ ಮಸೂದೆ ತಂದರು. ಡಿಸೆಂಬರ್ 25ರಂದು ರಾಷ್ಟ್ರಪತಿ ಅಂಕಿತ ಬಿದ್ದದ್ದು ಈ ಎರಡನೆಯದಕ್ಕೆ. ನಡುವೆ ಕಲಂಗಳು ಸರಿದಿವೆ. ಕೊಲೆಯ ಶಿಕ್ಷೆ 101ರಲ್ಲಿದ್ದದ್ದು 103ಕ್ಕೆ ಬಂತು, ನಿರ್ಲಕ್ಷ್ಯದ ಸಾವು 104ರಿಂದ 106ಕ್ಕೆ, ವಂಚನೆ 316ರಿಂದ 318ಕ್ಕೆ. ಶಿಕ್ಷೆಯೂ ಬದಲಾಗಿದೆ. ನಿರ್ಲಕ್ಷ್ಯದ ಸಾವಿಗೆ 7 ವರ್ಷ ಇದ್ದದ್ದು 5ಕ್ಕೆ ಇಳಿಯಿತು. ಯಾರೋ ಮೊದಲ ಮಸೂದೆಯನ್ನೇ ಅವಸರದಲ್ಲಿ ಅನುವಾದ ಮಾಡಿ, ಮೇಲೆ ‘ಭಾರತೀಯ ನ್ಯಾಯ ಸಂಹಿತೆ, 2023’ ಅಂತ ಹಾಕಿ ಹರಿಯಬಿಟ್ಟಿದ್ದಾರೆ.

ಆ ಪುಸ್ತಕದ ಕಥೆ ಇನ್ನೂ ಸೂಕ್ಷ್ಮ. ಅದರ ಅನುವಾದ ಸರಿಯಾಗೇ ಇತ್ತು, ನಂಬರ್ ಕೂಡ ಸರಿ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿದೆಯಲ್ವಾ? ಆಮೇಲೆ ಫೆಬ್ರವರಿಯಲ್ಲಿ ಜಾರಿ ದಿನಾಂಕದ ಅಧಿಸೂಚನೆ ಹೊರಡಿಸಿದಾಗ ಕೇಂದ್ರ ಸರ್ಕಾರ 106(2) ಒಂದನ್ನು ಹೊರಗಿಟ್ಟಿತು. ಉಳಿದದ್ದು ಜುಲೈ 1ರಿಂದ ಜಾರಿ. ಅಂದರೆ ಆ ಉಪಕಲಂ ಪುಸ್ತಕದಲ್ಲಿತ್ತು, ಆದರೆ ಜಾರಿಯಲ್ಲಿರಲಿಲ್ಲ. ಒಂದು ಅಡಿಟಿಪ್ಪಣಿ ಹಾಕಿದ್ದರೆ ಸಾಕಿತ್ತು. ಪ್ರಕಾಶಕರಿಗೆ ಅಷ್ಟೂ ಪುರುಸೊತ್ತು ಇರಲಿಲ್ಲ.

ಸಂಹಿತೆಯಡಿ ಹುಡುಗನ ಮೇಲೆ ಇದ್ದದ್ದು 106(1) ಮತ್ತು 281. ಎರಡೂ ಜಾಮೀನು ಕೊಡಲೇಬೇಕಾದ ಅಪರಾಧಗಳು. ನಿರೀಕ್ಷಣಾ ಜಾಮೀನು ಇರುವುದು ಜಾಮೀನುರಹಿತ ಅಪರಾಧಕ್ಕೆ ಮಾತ್ರ. ಮೇಡಂ ಜೊತೆ ಠಾಣೆಗೆ ಹೋದ, ಜಾಮೀನುದಾರರು ಸಹಿ ಹಾಕಿದರು, ಸಂಜೆಗೆ ಮನೆಗೆ ಬಂದ. ಆ ಆಸಾಮಿ ಫೋನ್ ಎತ್ತುವುದು ಬಿಟ್ಟ.

ಕನ್ನಡದಲ್ಲಿ ಕಾನೂನು ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಓದಲೇಬೇಕು. ಆದರೆ ಕೈಯಲ್ಲಿರುವುದು ಏನು ಅಂತ ಮೊದಲು ನೋಡಿ. ‘2023ರ ಅಧಿನಿಯಮ ಸಂಖ್ಯೆ 45’ ಅಂತಿದ್ದರೆ ನ್ಯಾಯ ಸಂಹಿತೆ. 46, 47 ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ. ‘ವಿಧೇಯಕ’ ಅಥವಾ ‘ಮಸೂದೆ’ ಅಂತಿದ್ದರೆ ಪಕ್ಕಕ್ಕಿಡಿ. ಕೇಂದ್ರದ ಕಾಯ್ದೆಯ ಕನ್ನಡ ಪಠ್ಯ ಅಧಿಕೃತ ಆಗಬೇಕಾದರೆ, ಅದಕ್ಕಂತಲೇ ಇರುವ 1973ರ ಕಾಯ್ದೆಯ ಪ್ರಕಾರ, ರಾಷ್ಟ್ರಪತಿಯ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾಗಿರಬೇಕು. ಅಂಗಡಿಯ ಪುಸ್ತಕದ ರಕ್ಷಾಪುಟದಲ್ಲಿ ‘ಅಧಿಕೃತ’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೆ ಆಗುವುದಿಲ್ಲ.

ನಂಬರ್ ತಾಳೆ ನೋಡಲು ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟ್ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ಸಂಕಲನ್’ ಆ್ಯಪ್‌ನಲ್ಲಿ ಹಳೆ ಕಲಂ ಹಾಕಿದರೆ ಹೊಸದು ಸಿಗುತ್ತದೆ. ಇಂಗ್ಲಿಷ್ ಬರದಿದ್ದರೆ ಓದಿ ಹೇಳಲು ಯಾರನ್ನಾದರೂ ಕರೆಯಿರಿ, ಪರವಾಗಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100.

ಮತ್ತೆ, ಮನೆಯಲ್ಲಿರುವ ಹಳೆ ಐಪಿಸಿ ಪುಸ್ತಕ ಮಾತ್ರ ರದ್ದಿಗೆ ಹಾಕಬೇಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಈಗಲೂ ಅದೇ ಅನ್ವಯ.